ಡಿಸೈನ್ ಸಾಹೇಬರ ಪಾಲು

"ಊದಿ, ಊದಿ, ಇನ್ನೂ ಊದಿ, ಬಿಡ್ಬೇಡಿ... ಹ್ಞಾಂ, ಸಾಕು."

ಜೇಗ್ವನ್ ಕೊಳವೆಯಿಂದ ಬಾಯಿ ತೆಗೆದ. ಯಂತ್ರದ ಪುಟ್ಟ ಪರದೆಯಲ್ಲಿ ಸೊನ್ನೆ ಮೂಡಿತು. ಸೊನ್ನೆಯೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಹಡಗಿನ ತಳದ ಉಕ್ಕು ಎಷ್ಟು ದಪ್ಪ ಇರಬೇಕೆಂದು ಹದಿನೇಳು ವರ್ಷಗಳಿಂದ ಲೆಕ್ಕ ಹಾಕುತ್ತಿದ್ದವನಿಗೆ ತನ್ನ ಉಸಿರಿನಲ್ಲಿ ಎಷ್ಟು ಹೊಗೆಯಿದೆ ಎಂಬುದು ಒಂದು ಲೆಕ್ಕವೇ?

"ಆರು ತಿಂಗ್ಳು ಸರ್! ಒಂದು ಸಲಾನೂ ಜಾರ್ಲಿಲ್ಲ. ಇಡೀ ಯಾರ್ಡಲ್ಲಿ ನಿಮ್ಮಂಥೋರು ಇನ್ನೊಬ್ರಿಲ್ಲ," ಎಂದಳು ಹಡಗು ಕಟ್ಟುವ ಯಾರ್ಡಿನ ಆರೋಗ್ಯ ಕೇಂದ್ರದ ನರ್ಸ್ ಯೂನ್‌ಸಿಲ್.

"ನೀವು ಹೇಳ್ದಂಗೆ ಮಾಡ್ದೆ, ಅಷ್ಟೇ."

ವಿನಯವಲ್ಲ, ನಿಜ. ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿಕೊಳ್ಳಿ ಎಂದಳು, ಅಂಟಿಸಿಕೊಂಡ. ಸೇದಬೇಕು ಅನ್ನಿಸಿದಾಗ ತಣ್ಣೀರು ಕುಡಿಯಿರಿ ಎಂದಳು, ಕುಡಿದ. ಹಳೆಯ ಜಾಗಕ್ಕೆ, ಹಳೆಯ ಜೊತೆಗಾರರ ಹತ್ತಿರಕ್ಕೆ ಮೂರು ವಾರ ಹೋಗಬೇಡಿ ಎಂದಳು. ಅವನು ಆರು ತಿಂಗಳು ಹೋಗಲಿಲ್ಲ. ಕ್ಯಾಂಟೀನಿಗೂ ಕ್ರೇನುಗಳ ಹಿಂದಿನ ಸುತ್ತು ದಾರಿಯಲ್ಲೇ ಹೋದ. ಮಾಡಿದರೆ ಹೀಗೆ ಮಾಡಬೇಕು ಎಂದು ಅವನಿಗೆ ತನ್ನ ಮೇಲೆಯೇ ಹೆಮ್ಮೆ.

ಯೂನ್‌ಸಿಲ್ ಒಂದು ಹಾಳೆ ಮುಂದಿಟ್ಟಳು. "ಮೂರೂವರೆಗೆ ನಿರ್ದೇಶಕರು ಪ್ರಮಾಣಪತ್ರ ಕೊಡ್ತಾರೆ. ಅಷ್ಟರೊಳಗೆ ಒಂದು ಸಾಕ್ಷಿ ಸಹಿ ಬೇಕು. ಮುಂಚೆ ನೀವು ಸೇದ್ತಿದ್ದಿದ್ದು ಗೊತ್ತಿರೋರು ಯಾರಾದ್ರೂ ಸರಿ. ಇವ್ರು ಬಿಟ್ಟಿರೋದು ನಿಜ ಅಂತ."

"ಅದೇನು ಮಹಾ."

ಕಚೇರಿಗೆ ಬಂದು ಪಕ್ಕದ ಮೇಜಿನ ತಾಕ್‌ನ ಮುಂದೆ ಹಾಳೆ ಇಟ್ಟ. ತಾಕ್ ಅವನ ಕೈಕೆಳಗೆ ನಾಲ್ಕು ವರ್ಷಗಳಿಂದ ಇದ್ದ.

"ನೀವು ಸೇದ್ತಿದ್ರಾ ಸರ್?"

"ಇಪ್ಪತ್ತು ವರ್ಷ."

"ಗೊತ್ತೇ ಇರ್ಲಿಲ್ಲ! ದಿನಾ ಎರಡು ಸಲ ಎಲ್ಲಿಗೆ ಹೋಗ್ತಾರಪ್ಪಾ ಇವ್ರು, ಪಾಪ ಹೊಟ್ಟೆ ಸರಿ ಇಲ್ವೇನೋ ಅಂದ್ಕೋತಿದ್ವಿ."

ಯಾರೋ ಕಂಪ್ಯೂಟರಿನ ಹಿಂದೆ ಕಿಸಕ್ಕೆಂದರು.

"ಈಗ ಹೋಗಲ್ಲ. ಗಮನಿಸಿಲ್ವಾ?"

"ಹೌದಾ ಸರ್?" ಎಂದ ತಾಕ್, ಸಹಿ ಹಾಕದೆ.

ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಸೊನ್ನೆಯ ಚಿತ್ರವನ್ನು ಜೇಗ್ವನ್ ಹೆಂಡತಿಗೆ ಕಳಿಸಿದ. ಮಗಳ ಓದಿಗೆಂದು ಅವಳು ದೂರದ ಊರಾದ ದೇಜೊನ್‌ನಲ್ಲಿ ಮನೆ ಮಾಡಿ ಐದು ವರ್ಷವಾಗಿತ್ತು. ಉತ್ತರವಾಗಿ ಕುಣಿಯುವ ಮೊಲದ ಚಿತ್ರವೊಂದು ಬಂತು. ಸಂತೋಷಪಟ್ಟಿದ್ದಾಳೆ ಎಂದು ಲೆಕ್ಕಕ್ಕೆ ತೆಗೆದುಕೊಂಡ.

ಇನ್ನು ಉಳಿದಿದ್ದು ಮಾ ಅಣ್ಣ.

ಕೊಳವೆ ಗೋದಾಮಿನ ಹಿಂದಿನ ಗೋಡೆಗೆ ಒರಗಿ, ಸಮುದ್ರದ ಕಡೆ ಮುಖ ಮಾಡಿ, ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ, ಒಂಬತ್ತು ವರ್ಷ ಇಬ್ಬರೂ ಸೇದಿದ್ದರು. ಮಾ ವಯಸ್ಸಾದ ವೆಲ್ಡರ್. "ನೀವು ನಕ್ಷೇಲಿ ಬರೆಯೋ ಮೂಲೇಲಿ ಬೆಕ್ಕಿನ ಮರಿ ತೂರಲ್ಲ, ನಾನು ಹೆಂಗ್ರೀ ತೂರ್ಲಿ?" ಎಂದು ಬೈಯುತ್ತಿದ್ದ. ಜೇಗ್ವನ್‌ನನ್ನು ಇಡೀ ಯಾರ್ಡಿನಲ್ಲಿ ಬೈಯುತ್ತಿದ್ದವನು ಅವನೊಬ್ಬನೇ. ಅದು ಜೇಗ್ವನ್‌ಗೆ ಇಷ್ಟವಾಗುತ್ತಿತ್ತು. ಆ ಮೂಲೆಯನ್ನು ಅವನು ಎರಡು ಸಲ ತಿದ್ದಿ ಬರೆದಿದ್ದ ಕೂಡ.

ಮೂರಕ್ಕೆ ಸರಿಯಾಗಿ ಗೋಡೆಯ ಹತ್ತಿರ ಹೋದ. ಮುದುಕ ಕುಕ್ಕರಗಾಲಲ್ಲಿ ಕೂತಿದ್ದ.

"ಮಾ ಅಣ್ಣ."

ಮಾ ತಿರುಗಿ ನೋಡಿ ದಡಕ್ಕನೆ ಎದ್ದ. ಹತ್ತಿರ ಬಂದು ಜೇಗ್ವನ್‌ನ ಅಂಗಿಯ ತೋಳು ಹಿಡಿದು ನೋಡಿದ.

"ಬದುಕಿದೀರಾ?"

"ಯಾಕಣ್ಣ?"

"ಚೆರಿ ಹೂ ಉದುರೋ ಹೊತ್ತಲ್ಲಿ ನಿಮ್ಮ ಡಿಸೈನ್ ಕಟ್ಟಡದಲ್ಲಿ ಒಬ್ರು ಎದೆ ಹಿಡ್ಕೊಂಡು ಹೋಗ್ಬಿಟ್ರಲ್ಲ. ಅವತ್ತಿಂದ ನೀವೂ ಬರ್ಲಿಲ್ಲ. ನೀವೇ ಅಂದ್ಕೊಂಡೆ."

"ಯಾರನ್ನಾದ್ರೂ ಕೇಳ್ಬಹುದಿತ್ತು."

"ಏನಂತ ಕೇಳ್ಲಿ? ಹೆಸರು ಗೊತ್ತಾ ನಂಗೆ? ಕನ್ನಡಕದ ಡಿಸೈನ್ ಸಾಹೇಬ್ರು ಅಂತ ಕೇಳ್ಬೇಕಿತ್ತು. ಅಲ್ಲಿರೋರೆಲ್ಲ ಕನ್ನಡಕದೋರೇ."

ಜೇಗ್ವನ್ ನಕ್ಕ. ಮಾ ನಗಲಿಲ್ಲ. ಸಿಗರೇಟು ಬಿಡಿಸುವ ಕಂಪನಿಯ ಯೋಜನೆ, ಪಟ್ಟಿ, ಸೊನ್ನೆ, ಎಲ್ಲವನ್ನೂ ಜೇಗ್ವನ್ ಚುಟುಕಾಗಿ ಹೇಳಿ ಹಾಳೆ ಕೊಟ್ಟ. ಮಾ ಅದನ್ನು ದೂರ ಹಿಡಿದು ಓದಿದ.

"ಪ್ಯೋ... ಜೇಗ್ವನ್."

"ನಾನೇ."

"ಹ್ಞೂಂ. ಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡಿ. ನಾನಂತೂ ಬಿಡೋ ಗಿರಾಕಿ ಅಲ್ಲ." ಹಾಳೆಯಿಂದ ಕಣ್ಣೆತ್ತಲಿಲ್ಲ. "ಒಂದು ಮಾತು ಹೇಳಿ ಹೋಗಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ನರ್ಸ್ ಬೇಡ ಅಂದಿದ್ದಳು ಎಂದು ಜೇಗ್ವನ್ ಹೇಳಲು ಹೊರಟ. ನರ್ಸ್ ಹೇಳಿದ್ದು ಮೂರು ವಾರ. ನಾಚಿಕೆಯಾಯಿತು.

"ಸಹಿ ಹಾಕಿ ಅಣ್ಣ. ಹೊತ್ತಾಯ್ತು."

"ಹಾಕೋಣ, ತಡೀರಿ."

ಮಾ ಹಾಳೆಯನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡು ಕೂತ. ಪೊಟ್ಟಣದಿಂದ ಎರಡು ಸಿಗರೇಟು ತೆಗೆದು ಎರಡನ್ನೂ ಬಾಯಲ್ಲೇ ಹಚ್ಚಿದ. ಒಂದನ್ನು ತುಟಿಯಲ್ಲಿ ಉಳಿಸಿಕೊಂಡ. ಇನ್ನೊಂದನ್ನು ಗೋಡೆಯ ಬುಡದ ಮರಳಿನ ಡಬ್ಬಿಯಲ್ಲಿ, ಉರಿಯುವ ತುದಿ ಮೇಲಾಗಿ, ನೆಟ್ಟಗೆ ನಿಲ್ಲಿಸಿದ. ಆ ಮರಳಿನಲ್ಲಿ ಯಾರೂ ಸೇದದೆ ತಾವಾಗಿಯೇ ಉರಿದು ಮುಗಿದ ತುಂಡುಗಳು ಸಾಲಾಗಿ ನಿಂತಿದ್ದವು. ಸೇದುತ್ತಿದ್ದವರು ಸತ್ತರೆ ಅವರ ಗೋರಿಯ ಮುಂದೆ ಹೀಗೆ ಹಚ್ಚಿಡುವುದುಂಟು. ಅಪ್ಪನಿಗೆ ಜೇಗ್ವನ್ ತನ್ನ ಕೈಯಾರೆ ಇಟ್ಟಿದ್ದ.

"ನಾನು ಬಿಟ್ಟಿದೀನಲ್ಲ ಅಣ್ಣ," ಎಂದ.

"ನಿಮ್ಗಲ್ಲ ಇದು," ಎಂದ ಮಾ, ಸಮುದ್ರದ ಕಡೆ ನೋಡುತ್ತ. "ಡಿಸೈನ್ ಸಾಹೇಬ್ರಿಗೆ."

ಧ್ವನಿವರ್ಧಕ ಅವನ ಹೆಸರು ಕೂಗಿತು. ಪ್ಯೋ ಜೇಗ್ವನ್ ಸಭಾಂಗಣಕ್ಕೆ ಬರಬೇಕು. ಮಾ ತಿರುಗಿಯೂ ನೋಡಲಿಲ್ಲ. ಸಮುದ್ರದ ಗಾಳಿ ಬೀಸಿದಾಗೆಲ್ಲ ಮರಳಿನ ಮೇಲಿನ ಸಿಗರೇಟು ಯಾರೋ ದಮ್ಮೆಳೆದಂತೆ ಕೆಂಪಾಗುತ್ತಿತ್ತು. ಬೂದಿ ಉದ್ದವಾಗುತ್ತ ಹೋಯಿತು, ಬೀಳಲಿಲ್ಲ. ಬಾಗಿ ನಮಸ್ಕರಿಸಬೇಕೋ ಬೇಡವೋ ತಿಳಿಯದೆ ಜೇಗ್ವನ್ ಎರಡೂ ಕೈಗಳನ್ನು ಮುಂದೆ ಜೋಡಿಸಿಕೊಂಡು, ಅದು ಮುಗಿಯುವವರೆಗೆ ಅಲ್ಲೇ ನಿಂತ.