ಮೂವತ್ತೊಂದನೆಯ ಪುಟದ ಎತ್ತುಗಳು

ಸಂತನ ಕಿವಿಯಂಚಿನಲ್ಲಿ ತಪ್ಪು ಗೆರೆಯೊಂದನ್ನು ಮುಚ್ಚಲು ಹಚ್ಚಿದ ಬಿಳಿ ಬಣ್ಣ ಬಿರುಕು ಬಿಟ್ಟಿದೆ, ಗಾಜಿನ ಈಚೆಯಿಂದಲೂ ಕಾಣುತ್ತದೆ, ನೀರಿಂಗಿದ ಕೆರೆಯಂಗಳದ ಹಾಗೆ — ಅರವತ್ತು ವರ್ಷ ಹಳೆಯ ಬಿಳುಪು, ವಾನೆಸ್ ಟೆರ್ಲಿಂಕ್ ತಮ್ಮ ಇಪ್ಪತ್ತರ ಹರೆಯದಲ್ಲಿ ಫ್ಲಾಂಡರ್ಸಿನ ಯಾವುದೋ ಚರ್ಚಿನ ವಾರಪತ್ರಿಕೆಗೆ ಸಂತರ ಬದುಕನ್ನು ಕಾಮಿಕ್ಸ್ ಆಗಿ ಬರೆಯುತ್ತಿದ್ದ ಕಾಲದ್ದು, ಗೆರೆ ಇನ್ನೂ ಮಂಡಿಯೂರಿದೆ, ತನ್ನದೇ ಆದ ಪಾಪವೊಂದು ಅದಕ್ಕಿನ್ನೂ ಒದಗಿಲ್ಲ. ತಾತ, ಇಲ್ಲೇ ನಿಂತ್ಕೊಂಡ್ರೆ ಟೂರ್ ಮಿಸ್ ಆಗತ್ತೆ — ತನ್ವಿ, ನನ್ನ ಮಗಳ ಮಗಳು, ಬೆಳಿಗ್ಗೆ ಆರಕ್ಕೇ ಟೆಕ್ಸಸ್ಸಿನ ನಮ್ಮ ಊರು ಯೂಲೆಸ್ ಬಿಟ್ಟು ಆಸ್ಟಿನ್ನಿನ ಈ ಪ್ರದರ್ಶನಕ್ಕೆ ನನ್ನನ್ನು ಡ್ರೈವ್ ಮಾಡಿ ತಂದವಳು, ವೇಕೋ ದಾಟಿದ ಮೇಲೆ ಮೆಲ್ಲಗೆ ಕೇಳಿದ್ದಳು, ತಾತ, ಆರ್ ಯು ಶೂರ್, ಹೌದು ಮರಿ, ಇವತ್ತು ಹೇಳಿಯೇ ತೀರುತ್ತೇನೆ, ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಮೂವತ್ತೊಂದನೆಯ ಪುಟ ನನ್ನದು, ಅದರ ಹಿಂದಿನ ಎರಡು, ಮುಂದಿನ ಹನ್ನೊಂದು, ಹದಿನಾಲ್ಕೂ ನನ್ನವು. ಹೊರಡುವಾಗ ನನ್ನ ಹೆಂಡತಿ ಸರೋಜಾ ನೋವಿನ ಮಂಡಿಯನ್ನು ಒತ್ತಿಕೊಳ್ಳುತ್ತ ಬಾಗಿಲಿನವರೆಗೂ ಬಂದಿದ್ದಳು, ಹೇಳ್ದೇ ಬಂದ್ರೆ ಕಾರಲ್ಲೇ ಮಲಗ್ರಿ, ಒಳಗೆ ಸೇರ್ಸಲ್ಲ, ಮದುವೆ ಆದಾಗಿಂದ ನಿಮ್ಮ ಎತ್ತಿನ ಕಥೆ ಕೇಳಿ ಕೇಳಿ ನನಗೇ ಕೊಂಬು ಬಂದಿದೆ, ಆ ಜನಕ್ಕೆ ಒಂದೇ ಒಂದ್ಸಲ ಹೇಳಿ ನೋಡೋಣ.

ಮುಂದಿನ ಗೋಡೆಯಲ್ಲಿ ಚಾಕೊಲೇಟ್ ಜಾಹೀರಾತಿನ ಬೊಜ್ಜು ಬೆಕ್ಕು, ಅದರಾಚೆ ದಿನಪತ್ರಿಕೆಯ ಪತ್ತೇದಾರ, ದಿನಕ್ಕೆ ಮೂರೇ ಚೌಕದಲ್ಲಿ ಕೊಲೆಗಾರನನ್ನು ಹುಡುಕುತ್ತ ಒಂಬತ್ತು ವರ್ಷ ನಡೆದವನು, ಅದರಾಚೆ ಸುಳ್ಳು ಹೆಸರಿನಲ್ಲಿ ಬರೆದ ಬತ್ತಲೆ ಹೆಂಗಸರು — ತಾತ, ಇದನ್ನ ಸ್ಕಿಪ್ ಮಾಡೋಣ — ಒಬ್ಬನೇ ಮನುಷ್ಯ, ಇಷ್ಟು ಅಂಗಿಗಳು, ಯಾವುದೂ ಮೈಗೆ ಹತ್ತದೆ ಕಳಚಿದವು. ನಾನು ಕೆಮಿಕಲ್ ಇಂಜಿನಿಯರಿಂಗ್ ಓದಲು ಫ್ಲಾಂಡರ್ಸಿನ ಗೆಂಟ್ ಊರಿಗೆ ಹೋಗಿ ಅವರ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದಾಗ ಅವರು ಕೌಬಾಯ್‌ಗಳ ಅಂಗಿ ತೊಟ್ಟಿದ್ದರು, ಟೆಕ್ಸಸ್ಸನ್ನು ಕಾಣದೆಯೇ ಟೆಕ್ಸಸ್ ಬರೆಯುತ್ತಿದ್ದರು, ಸಂಜೆ ನಾನು ಅವರ ಪುಟಗಳಲ್ಲಿ ಇಂಡಿಯನ್ ಇಂಕಿನ ಕಪ್ಪು ತುಂಬುತ್ತಿದ್ದೆ, ಬೂಟು, ಬಾವಿ, ಗುಡ್ಡದ ನೆರಳು. ಆ ಚಳಿಗಾಲ ಹಿಮದ ಮೇಲೆ ಅವರ ಸೈಕಲ್ಲು ಜಾರಿತು, ಅವರ ಬಲಗೈ ಮಣಿಕಟ್ಟು ಮುರಿಯಿತು, ಅಚ್ಚಿಗೆ ಹೋಗಬೇಕಾದ ಪುಸ್ತಕದಲ್ಲಿ ಹದಿನಾಲ್ಕು ಪುಟ ಬಾಕಿ, ಹೆಂಡತಿ ಕ್ಷಯದ ಆಸ್ಪತ್ರೆಯಲ್ಲಿ, ಪುಟ್ಟ, ಎಂದರು, ಪುಟ್ಟಸ್ವಾಮಿ ಎಂಬ ಪೂರ್ತಿ ಹೆಸರು ಅವರ ನಾಲಗೆಗೆ ಹೊರಳಲಿಲ್ಲ, ಪುಟ್ಟ, ನಿನ್ನ ಗೆರೆ ನನ್ನ ಗೆರೆಯ ನಡಿಗೆ ಕಲಿತಿದೆ, ಬರಿ, ಯಾರಿಗೂ ಹೇಳಬೇಡ. ಬರೆದೆ. ಬೇಲಿಯಿಲ್ಲದ ಬಯಲು, ಧೂಳು, ಹಿಂಡು — ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದುದು ನಾಗಮಂಗಲದ ನಮ್ಮ ಕೊಟ್ಟಿಗೆಯ ಹಳ್ಳಿಕಾರ್ ಎತ್ತು ಮಾತ್ರ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಹೆಗಲ ಮೇಲೆ ಎತ್ತರದ ಹಿಣಿಲು, ಮತ್ತು ಕೈ ತನ್ನ ಪಾಡಿಗೆ ತಾನು ಮೂಗುದಾರವನ್ನೂ ಬರೆದುಬಿಟ್ಟಿತು, ನಲವತ್ತು ದನಕ್ಕೂ, ಮೂಗುದಾರವಿಲ್ಲದ ಎತ್ತಿನ ಮುಖವನ್ನು ನಾನು ಕಂಡೇ ಇರಲಿಲ್ಲ.

ಇದೋ ಆ ಪುಟ, ಚೌಕಟ್ಟಿನೊಳಗೆ, ಒಂಟಿ ದೀಪದ ಕೆಳಗೆ, ಗೈಡ್ ಹುಡುಗಿ ದನಿ ತಗ್ಗಿಸಿದ್ದಾಳೆ, ಟೆರ್ಲಿಂಕ್ ವಾಸ್ತವವನ್ನು ತೊರೆದದ್ದು ಇಲ್ಲಿ, ನೋಡಿ, ಸ್ವಚ್ಛಂದ ಬಯಲಿನಲ್ಲಿ ಅಲೆಯುವ ಪ್ರಾಣಿಯ ಮೂಗಿಗೂ ಹಗ್ಗವಿದೆ, ಸ್ವಾತಂತ್ರ್ಯದೊಳಗಿನ ಕಾಣದ ಬಂಧನ — ಜನ ತಲೆದೂಗುತ್ತಾರೆ, ತನ್ವಿ ನಗು ತಡೆಯಲಾರದೆ ನನ್ನ ತೋಳನ್ನು ಹಿಚುಕುತ್ತಾಳೆ. ಬಂಧನವಲ್ಲ ತಾಯಿ, ಅಭ್ಯಾಸ, ಅಜ್ಞಾನ, ಎಂದುಕೊಳ್ಳುತ್ತೇನೆ. ಕೆಲಸದ ಮೇಲೆ ಹ್ಯೂಸ್ಟನ್ನಿಗೆ ಬಂದ ಮೊದಲ ವರ್ಷ, ಫೋರ್ಟ್ ವರ್ತ್ ದಾರಿಯಲ್ಲಿ ಕಾರು ನಿಲ್ಲಿಸಿ ನಿಜವಾದ ಟೆಕ್ಸಸ್ ದನ ನೋಡಿದೆ, ಎರಡೂ ಪಕ್ಕಕ್ಕೆ ಚಾಚಿದ ಮಾರುದ್ದದ ಕೊಂಬು, ಬೋಳು ಮೂಗು, ನನ್ನ ಕಿವಿ ಸುಟ್ಟಂತಾಯಿತು, ಆ ದಿನವೇ ಅವರಿಗೆ ಕಾಗದ ಬರೆದೆ, ನಾನು ತಪ್ಪು ಬರೆದಿದ್ದೇನೆ, ಉತ್ತರ ಬಂತು, ಆಗಲೇ ತಡವಾಗಿದೆ ಪುಟ್ಟ, ಎಲ್ಲರೂ ಆ ಎತ್ತುಗಳನ್ನು ಮೆಚ್ಚಿದ್ದಾರೆ, ಈಗ ನಾನೂ ಅವನ್ನೇ ಬರೆಯುತ್ತಿದ್ದೇನೆ.

ಕೊನೆಯ ಕೋಣೆ ಪೂರ್ತಿ ಅದೇ, ಮೂವತ್ತು ವರ್ಷದ ಎತ್ತುಗಳು, ಮಸಿಯಲ್ಲಿ, ತೈಲದಲ್ಲಿ, ಅವರನ್ನು ಕಾಮಿಕ್ಸ್‌ನಿಂದ ಮ್ಯೂಸಿಯಂಗಳಿಗೆ ಹೊತ್ತು ತಂದ ಎತ್ತುಗಳು, ನಾನು ಬಾಯಿ ತೆರೆದರೆ ಇವೆಲ್ಲ ಬಾಡಿಗೆ ಮನೆಯ ಹುಡುಗನೊಬ್ಬನ ನಕಲಾಗುತ್ತವೆ, ಗೊತ್ತು, ದಾರಿಯುದ್ದಕ್ಕೂ ತೂಗಿ ನೋಡಿದ್ದೇನೆ, ಸತ್ತು ಎರಡು ವರ್ಷವಾದವರ ಬೆನ್ನಿಗೆ ಚುಚ್ಚಿದಂತೆ ಎಂದು ಒಂದು ಮನಸ್ಸು, ನನ್ನ ಕೈ ಒಮ್ಮೆ ಬದುಕಿತ್ತೆಂದು ನಾನಲ್ಲದೆ ಯಾರು ಹೇಳಬೇಕು ಎಂದು ಇನ್ನೊಂದು, ಹೇಳುತ್ತೇನೆ. ಅತಿ ದೊಡ್ಡ ಕ್ಯಾನ್ವಾಸಿನ ಪಕ್ಕದಲ್ಲಿ ಅವರ ಮಗಳು ಲೀವ, ನಾನು ಕಂಡಾಗ ಹಲ್ಲುದುರಿದ ಹುಡುಗಿ, ಈಗ ಬೆಳ್ಳಿ ಕೂದಲು, ಗುರುತು ಹಿಡಿದು ಪುಟ್ಟ ಎಂದಳು, ಅಪ್ಪನ ಅದೇ ಉಚ್ಚಾರ, ಕಣ್ಣೆತ್ತಿ ಕ್ಯಾನ್ವಾಸ್ ನೋಡಿದೆ — ನನ್ನ ಪುಟದ ಎತ್ತುಗಳೆಲ್ಲ ಒಂದೇ ಪಕ್ಕಕ್ಕೆ ನಡೆದವು, ಇದು ನೇರ ನನ್ನನ್ನೇ ನೋಡುತ್ತಿದೆ, ಆಳೆತ್ತರದ ಮುಖ, ಎಡಹೊಳ್ಳೆಯಿಂದ ಹೊರಟ ದಾರ ಕೆನ್ನೆಯ ಮೇಲೆ ಹಾದು ಕೊಂಬಿನ ಹಿಂದೆ ಹೋಗಿದೆ, ಬಲಹೊಳ್ಳೆ ಖಾಲಿ. ಪಕ್ಕದ್ದನ್ನು ನೋಡಿದೆ, ಅದೂ ಖಾಲಿ, ಅದರ ಪಕ್ಕದ್ದೂ. ಅವರಿಗೆ ಗೊತ್ತೇ ಇರಲಿಲ್ಲ. ದಾರ ನಡುವಿನ ತೊಗಲನ್ನು ತೂರಿ ಇನ್ನೊಂದು ಕಡೆಯಿಂದ ಹೊರಬರಬೇಕೆಂದು, ಎರಡೂ ಕೆನ್ನೆ ಹತ್ತಿ ತಲೆಯ ಹಿಂದೆ ಗಂಟಾಗಬೇಕೆಂದು, ನನ್ನ ಪುಟ ತೋರಿಸಿದ್ದು ಒಂದೇ ಹೊಳ್ಳೆ, ಅವರು ಅಷ್ಟನ್ನೇ ಮೂವತ್ತು ವರ್ಷ ನಂಬಿದರು, ಪ್ರತಿ ಹೊಸವರ್ಷಕ್ಕೂ ಫೋನು ಮಾಡುತ್ತಿದ್ದರು, ಟೆಕ್ಸಸ್ಸಿನ ಬಿಸಿಲಿನ ಬಗ್ಗೆ ಕೇಳುತ್ತಿದ್ದರು, ಸರೋಜಾಳ ಮಂಡಿಯ ಬಗ್ಗೆ ಕೇಳುತ್ತಿದ್ದರು, ಇದೊಂದನ್ನು ಕೇಳಲಿಲ್ಲ, ಕೇಳಿದ್ದರೆ ಎತ್ತು ನನ್ನದೆಂದು ಒಪ್ಪಿಕೊಂಡಂತೆ. ಆಗಲಿ. ಮೂವತ್ತೊಂದನೆಯ ಪುಟ ನಾನು ಬರೆದದ್ದು, ಎಂದೆ, ಕೋಣೆಗೆಲ್ಲ ಕೇಳುವಂತೆ, ಒಟ್ಟು ಹದಿನಾಲ್ಕು ಪುಟ. ಗೈಡ್ ಹುಡುಗಿ ಮೃದುವಾಗಿಯೇ ಕೇಳಿದಳು, ಸರ್, ಅದಕ್ಕೆ ಏನಾದರೂ ಆಧಾರವಿದೆಯೇ. ಬಲಹೊಳ್ಳೆ ನೋಡಮ್ಮ, ಎಂದೆ, ದಾರ ಅಲ್ಲಿಂದ ಹೊರಗೆ ಬರಬೇಕಿತ್ತು, ನಮ್ಮಲ್ಲಿ ಮೂಗು ಚುಚ್ಚುವುದು ಹಾಗೆ. ತನ್ವಿ ನನ್ನ ಕೈ ಬಿಡಲಿಲ್ಲ, ಲೀವ ಕ್ಯಾನ್ವಾಸಿನ ಹತ್ತಿರ ಹೋದಳು, ಬೆರಳೆತ್ತಿದಳು, ಮುಟ್ಟಲಿಲ್ಲ, ಅಪ್ಪ ಪ್ರತಿ ಸಲ ಇಲ್ಲಿಗೆ ಬಂದು ಕುಂಚ ಕೆಳಗಿಡುತ್ತಿದ್ದರು, ಎಂದಳು, ನಾಳೆ ಕೇಳುತ್ತೇನೆ ಅನ್ನುತ್ತಿದ್ದರು, ಯಾರನ್ನೆಂದು ಹೇಳಲೇ ಇಲ್ಲ — ಹೇಳಲೇ ಇಲ್ಲ, ಮತ್ತು ನಾನು ಇನ್ನೂ ಏನೋ ಹೇಳಬೇಕೆಂದಿದ್ದೆ, ಉಳಿದ ಹದಿಮೂರು ಪುಟ, ವರ್ಷ, ತಿಂಗಳು, ಆದರೆ ಅವಳ ಬೆರಳಿನ ತುದಿಯಲ್ಲಿ ಆ ಹೊಳ್ಳೆ, ಬರೀ ಹೊಳ್ಳೆ, ಅಂಚು ತಿದ್ದಿ ತಿದ್ದಿ ದಪ್ಪವಾದ, ದಾರಕ್ಕೆ ಕಾದು ನಿಂತ ಆ ಬಲಹೊಳ್ಳೆ