ಕಣ್ಣು ಒಂದು ಕಡೆ, ಚೆಂಡು ಒಂದು ಕಡೆ

ಗುರುಪಾದಪ್ಪನ ಕಣ್ಣು ತನ್ನ ಮೇಲೆ, ಚೆಂಡು ಮಾತ್ರ ಆ ದುಗ್ಗುವಿನ ಕೈಗೆ! ಕಲ್ಮೇಶನ ಹೊಟ್ಟೆ ಉರಿಯಲು ಇಷ್ಟು ಸಾಲದೆ?

ಗಲ್ಫಿನ ಮೆಸಯೀದ್‌ನಲ್ಲಿ ಕಂಪನಿ ಕ್ವಾರ್ಟರ್ಸಿನ ಹಿಂದಿನ ಬಯಲಲ್ಲಿ ಶುಕ್ರವಾರ ಸಂಜೆಯ ಆಟವದು. ಪ್ಲಾಂಟಿನಲ್ಲಿದ್ದ ಅಮೆರಿಕದ ಇಂಜಿನಿಯರೊಬ್ಬ ತನ್ನ ದೇಶದ ಫುಟ್‌ಬಾಲ್ ಕಲಿಸಿ, ಎರಡೂ ತುದಿ ಚೂಪಾದ ಚೆಂಡನ್ನು ಇವರಿಗೇ ಬಿಟ್ಟು ತೊಂಬತ್ತೈದರಲ್ಲಿ ಊರಿಗೆ ಹೋಗಿದ್ದ. ಹೆಸರಿಗೆ ಫುಟ್‌ಬಾಲ್, ಕೆಲಸವೆಲ್ಲ ಕೈಯದು. ಒಬ್ಬ ಹಿಂದೆ ನಿಂತು ಎಸೆಯುತ್ತಾನೆ, ಅವನೇ ಕ್ವಾರ್ಟರ್‌ಬ್ಯಾಕ್. ಉಳಿದವರು ಮುಂದೆ ಓಡಿ ಹಿಡಿಯಬೇಕು. ಎದುರಿಗೆ ಅವರನ್ನು ಕಾಯುವವರು ಫಿಲಿಪಿನೋ ವೆಲ್ಡರುಗಳು. ಕೆಡವುವಂತಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ ಕಿತ್ತರೆ ಓಟ ಖಲಾಸ್.

ಎಸೆಯುವವನು ಗುರುಪಾದಪ್ಪ. ಕಲ್ಮೇಶನಂತೆ ಅವನೂ ರೋಣದ ಕಡೆಯವನೇ. ಇಬ್ಬರಿಗೂ ಒಂದೇ ರೂಮು, ಒಂದೇ ಡಬ್ಬಿಯ ಶೇಂಗಾ ಚಟ್ನಿ. ಈ ದುಗ್ಗು ಮುಲ್ಕಿಯಿಂದ ಮೊನ್ನೆ ಮೊನ್ನೆ ಬಂದ ಆಫೀಸು ಗುಮಾಸ್ತ.

"ಲೇ, ನನ್ನ ನೋಡಕೋಂತ ಅವಗ ಒಗೀತಿಯಲ್ಲ, ಇದ್ಯಾವ ನ್ಯಾಯ?" ಕಲ್ಮೇಶ ಕೇಳಿಯೇಬಿಟ್ಟ.

"ನಾ ನಿನ್ನ ನೋಡಿದ್ರ ಕಾಯೋರು ನಿನ್ನ ಹಿಂದ ಬರ್ತಾರ, ದುಗ್ಗು ಖಾಲಿ ಉಳೀತಾನ. ನಾ ಗೆಳ್ಯಾನ್ನ ನೋಡಿ ಒಗಿಯಂಗಿಲ್ಲೋ, ಕಾಯೋನ್ನ ನೋಡಿ ಒಗೀತೀನಿ. ಅಂವ ಬಿಟ್ಟ ಜಾಗಾಕ್ಕ ಒಗೀತೀನಿ."

"ಅಂದ್ರ ನಾ ಗಾಳಕ್ಕ ಹಾಕಿದ ಹುಳ."

"ನಿನ್ನ ಪಾಳೇನೂ ಬರ್ತದ. ನೀ ಆ ಲೈಟಿನ ಕಂಬದ ತನಕ ಓಡಿ ಬಲಕ್ಕ ಹೊಳ್ಳು, ಸಾಕು. ನೀ ಹೊಳ್ಳೂದ್ರಾಗ ಚೆಂಡು ಗಾಳ್ಯಾಗ ಇರ್ತದ."

ಬರುತ್ತದಂತೆ ಪಾಳಿ! ಮುಂದಿನ ಶುಕ್ರವಾರವೂ ಅದೇ ಕಥೆ. ದುಗ್ಗು ಹಿಡಿದ, ಗುರುಪಾದ ಓಡಿಹೋಗಿ ಅವನ ಬೆನ್ನು ಚಪ್ಪರಿಸಿದ. ಆ ಚಪ್ಪರಿಕೆ ಕಲ್ಮೇಶನ ಎದೆಗೇ ಬಡಿದಂತಾಯಿತು. ಇನ್ನೊಬ್ಬನ ಮೆರವಣಿಗೆಗೆ ನಾನೇಕೆ ಬೆವರು ಸುರಿಸಲಿ ಎಂದುಕೊಂಡವನು ಮುಂದಿನ ಸಲ ಅರ್ಧ ಓಡಿ, ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟ.

ಚೆಂಡು ಅವನ ತಲೆಯ ಮೇಲಿಂದಲೇ ಸುಯ್ಯೆಂದು ಹೋಯಿತು. ಕಂಬದ ಬಲಕ್ಕೆ, ಅವನು ಇರಬೇಕಿದ್ದ ಜಾಗದಲ್ಲಿ, ಯಾರೂ ಇಲ್ಲದ ಉಸುಕಿನಲ್ಲಿ ಬಿತ್ತು.

"ಯಾಕ್ ನಿಂತ್ಯೋ?" ಗುರುಪಾದ ಓಡಿಬಂದ.

ಕಲ್ಮೇಶನ ಬಾಯಿಗೆ ಸುಳ್ಳು ತಾನಾಗಿ ಬಂತು. "ಕಾಲು ಉಳಕಿತು."

ಗುರುಪಾದ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಬೂಟು ಬಿಚ್ಚಿ ಹಿಮ್ಮಡಿ ನೀವತೊಡಗಿದ. ದುಗ್ಗು ಕ್ಯಾಂಟೀನಿಗೆ ಓಡಿ ಟವೆಲಿನಲ್ಲಿ ಐಸು ತಂದ.

"ಎಂತ ಮಾರಾಯ್ರೆ, ಊತ ಕಾಣುದೇ ಇಲ್ವಲ್ಲ!"

"ಒಳಗ ಐತಿ," ಎಂದು ಕಲ್ಮೇಶ ಮುಖ ತಿರುವಿದ. ಆದರೂ ಗೆಳೆಯನ ಕೈ ತನ್ನ ಕಾಲ ಮೇಲಿದೆ, ದುಗ್ಗು ಸುಮ್ಮನೆ ನಿಂತು ನೋಡುತ್ತಿದ್ದಾನೆ ಎಂದು ಒಳಗೊಳಗೇ ಹಿತವಾಯಿತು.

ಹಿತ ಹೆಚ್ಚು ಹೊತ್ತು ಉಳಿಯಲಿಲ್ಲ. "ನೀ ಇಲ್ಲೇ ಕುಂಡ್ರು," ಗುರುಪಾದ ಎದ್ದ. "ದುಗ್ಗು, ಇಂವನ ಹಾದಿ ನೀ ಓಡು. ಯಲ್ಲಾ, ನಡೀರಿ!"

ಈಗ ಬೇಡವೆನ್ನುವುದು ಹೇಗೆ? ಟವೆಲು ಹಿಡಿದು ಕೂತು ಕಲ್ಮೇಶ ನೋಡಿದ. ಗುರುಪಾದನ ಕಣ್ಣು ಎಡಕ್ಕೆ, ತಮ್ಮ ತಂಡದ ಫಿಟ್ಟರ್ ಆನ್ಸೆಲ್ಮ್ ಓಡಿದ ಕಡೆಗೆ. ಕಾಯುವವರಿಬ್ಬರೂ ಅತ್ತ ವಾಲಿದರು. ದುಗ್ಗು ಇನ್ನೂ ಕಂಬ ಮುಟ್ಟಿರಲಿಲ್ಲ, ಅಷ್ಟರಲ್ಲೇ ಚೆಂಡು ಬಲಕ್ಕೆ ಹಾರಿತು. ಬೀಳಲಿ, ಬೀಳಲಿ ಎಂದು ಕಲ್ಮೇಶ ಹಲ್ಲು ಕಚ್ಚಿದ. ದುಗ್ಗು ಹೊರಳಿದ, ಚೆಂಡು ಎದೆಗೆ ಬಂದು ಸೇರಿತು.

"ಅದು ನನ್ನ ಚೆಂಡಲೇ!" ಕಲ್ಮೇಶ ಚಂಗನೆ ಜಿಗಿದು ನಿಂತಿದ್ದ. ಐಸಿನ ತುಂಡುಗಳು ಉಸುಕಿನಲ್ಲಿ ಚೆಲ್ಲಾಡಿದವು.

ಗುರುಪಾದ ತಿರುಗಿದ. ಮೊದಲು ಮುಖ ನೋಡಿದ, ಆಮೇಲೆ ಕಾಲು ನೋಡಿದ. ಎರಡೂ ಗಟ್ಟಿಯಾಗಿ ನೆಲ ಒತ್ತಿ ನಿಂತಿದ್ದವು.

"ಬ್ಯಾನಿ ಹೋತೇನು? ಬಾ ಹಂಗಾರ. ಆದ್ರ ನಡುವ ನಿಂತಿ ಅಂದ್ರ ಇನ್ನ ನಿನ್ನ ಕಡೆ ಸುಳ್ಳಿಗೂ ನೋಡಂಗಿಲ್ಲ ಮತ್ತ."

ಕಲ್ಮೇಶ ತಲೆ ತಗ್ಗಿಸಿ ತನ್ನ ಜಾಗಕ್ಕೆ ನಡೆದ. ದುಗ್ಗು ನಗುತ್ತ ಬೂಟು ತಂದು ಚಾಚಿದ. ಅವನ ಮುಖ ನೋಡದೆಯೇ ಕಲ್ಮೇಶ ಅದನ್ನು ಕಸಿದುಕೊಂಡ.