ಹಗಲೂಟದ ಗದ್ದೆ

ಓಲೋಪ್ ಬೆಳಗಿನಿಂದ ಬೇಲಿ ಕಟ್ಟುತ್ತಿದ್ದ. ಹಾಗೆಂದು ಹೆಂಡತಿಗೆ ಹೇಳಿ ಬಂದಿದ್ದ ಅಷ್ಟೇ, ಒಂದು ಬಿದಿರನ್ನೂ ಮುಟ್ಟಿರಲಿಲ್ಲ. ಗುಡ್ಡದ ಆ ಮೂಲೆಯಿಂದ ಕೆಳಗೆ ಸರೋವರದ ದೋಣಿಗಟ್ಟೆ ಚೆನ್ನಾಗಿ ಕಾಣುತ್ತದೆ. ಇವತ್ತು ಸಂತೆಯ ದೋಣಿಯಲ್ಲಿ ಆಚೆ ದಡದಿಂದ ತಂಗಿ ತಿಯೊಲಿನಾ ಬರುವವಳಿದ್ದಳು.

ತಂಗಿ ಬರಲಿ ಎಂದು ಅವನಿಗೆ ಬೆಟ್ಟದಷ್ಟು ಆಸೆ. ಅವಳು ಹೊತ್ತು ತರುವ ಹಂದಿಮಾಂಸದ ಅಡುಗೆ ಮಾತ್ರ ಬೇಡ.

ರುಚಿಯಿಲ್ಲವೆಂದಲ್ಲ. ಕಾಡುಮೆಣಸು ಅರೆದು ಅವಳು ಬೇಯಿಸಿದ ಮಾಂಸಕ್ಕೆ ಇಡೀ ಕುಲದಲ್ಲಿ ಹೆಸರಿತ್ತು. ತೊಂದರೆ ಇದ್ದದ್ದು ಪದ್ಧತಿಯಲ್ಲಿ. ಈ ಗುಡ್ಡದಲ್ಲಿ ಜಮೀನು ಗಂಡುಮಕ್ಕಳದು. ಆದರೆ ಕೊಟ್ಟ ಹೆಣ್ಣು ತನ್ನ ಮೊದಲ ಮಗುವನ್ನು ಕಟ್ಟಿಕೊಂಡು, ಅಡುಗೆ ಹೊತ್ತು ತವರಿಗೆ ಬಂದು ತಂದೆಗೆ ಉಣ್ಣಿಸಿದರೆ, ತಂದೆಯಿಲ್ಲದಿದ್ದರೆ ಅಣ್ಣನಿಗೆ ಉಣ್ಣಿಸಿದರೆ, ಮಗುವಿನ ಹೆಸರಲ್ಲಿ ಒಂದು ಗದ್ದೆ ಕೇಳಬಹುದು. ಹಗಲೂಟದ ಗದ್ದೆ ಎಂದು ಅದನ್ನು ಕರೆಯುತ್ತಾರೆ. ತುತ್ತು ನುಂಗಿದ ಅಣ್ಣ ಇಲ್ಲ ಎನ್ನುವಂತಿಲ್ಲ. ಅವನು ನುಂಗುವ ತನಕ ತಂಗಿ ಬಾಯಿಬಿಟ್ಟು ಕೇಳುವಂತಿಲ್ಲ.

ತಿಯೊಲಿನಾಳ ಮಗಳು ದಾಮೆ ಹುಟ್ಟಿದ ವರ್ಷ ಓಲೋಪ್‌ಗೆ ಹಲ್ಲುನೋವು. ಮರುವರ್ಷ ಹೊಟ್ಟೆನೋವು. ಹೋದ ವರ್ಷ, ಊರಿನ ನಾಟಿ ವೈದ್ಯರು ಮಾಂಸ ಬಿಡಿಸಿದ್ದಾರೆ ಎಂದ. ಆ ವೈದ್ಯರು ಅದೇ ಚಾಪೆಯ ಮೇಲೆ ಕೂತು ಎಲುಬು ಚೀಪುತ್ತಿದ್ದರು. ಪಾಪ, ಒಂದು ಸಲ ಕೆಮ್ಮಿ ಸುಮ್ಮನಾದರು. ಅಂದಿನಿಂದ ಹೆಂಡದಂಗಡಿಯಲ್ಲಿ ಓಲೋಪ್ ಕಾಲಿಟ್ಟರೆ ಸಾಕು, ಅವನ ಹಲ್ಲಿನ ಯೋಗಕ್ಷೇಮ ವಿಚಾರಿಸದ ಗಂಡಸರಿಲ್ಲ. ಜುಗ್ಗ ಎಂದು ಹೆಂಗಸರು ನೇರವಾಗಿಯೇ ಅಂದರು. ಅನ್ನಲಿ ಎಂದು ಬಿಟ್ಟಿದ್ದ. ನಿಜ ಹೇಳುವುದಕ್ಕೆ ಅವನಿಗೆ ನಾಚಿಕೆ.

ಗದ್ದೆ ಸಿಕ್ಕಿಬಿಟ್ಟರೆ ತಂಗಿ ಇನ್ನು ಬರುವುದಿಲ್ಲ ಎಂಬುದೇ ಅವನ ಭಯ. ಚಿಕ್ಕಪ್ಪನ ಮಗಳು ರೊತುವಾ ಹಾಗೇ ಮಾಡಿದ್ದಳು. ಗದ್ದೆ ಪಡೆದಳು, ಗೇಣಿಗೆ ಕೊಟ್ಟಳು, ಆಮೇಲೆ ಗುಡ್ಡ ಹತ್ತಲೇ ಇಲ್ಲ. ಅವ್ವ ಸತ್ತ ಮೇಲೆ ಓಲೋಪ್‌ನನ್ನು ಮನಸ್ಸು ಬಿಚ್ಚಿ ಬೈಯುವವಳು ತಿಯೊಲಿನಾ ಒಬ್ಬಳೇ. ಅವಳು ಬಂದ ದಿನ ಮನೆ ಮನೆಯಂತಿರುತ್ತಿತ್ತು. ಆ ಒಂದು ದಿನಕ್ಕಾಗಿ ಉಪವಾಸ ಬೀಳಲು ಅವನು ತಯಾರಿದ್ದ.

ದೋಣಿ ಗಟ್ಟೆ ಮುಟ್ಟಿತು. ಕೆಂಪು ಶಾಲಿನ ಹೆಂಗಸೊಬ್ಬಳು ಪಾತ್ರೆಯನ್ನು ಎದೆಗವುಚಿಕೊಂಡು ಇಳಿದದ್ದು ಕಂಡಿತು. ಓಲೋಪ್ ಮನೆಗೆ ಓಡಿ ಬಂದು, ದೋಣಿಯ ಕಡೆ ನೋಡಿಯೇ ಇಲ್ಲವೆಂಬಂತೆ ಬೆನ್ನು ಹಿಡಿದುಕೊಂಡು ಚಾಪೆಯ ಮೇಲೆ ಕೂತ. ಬಹಳ ಹೊತ್ತಾದ ಮೇಲೆ ಮನೆಯ ಮುಂದೆ ಬಾಡಿಗೆ ಜೀಪು ಉಬ್ಬಸಪಡುತ್ತಾ ನಿಂತಿತು.

“ಹೊರಾಸ್ ಅಣ್ಣಾ! ಇನ್ನೂ ಬದುಕಿದ್ದೀಯಾ?” ಗುಡ್ಡದವರ ನಮಸ್ಕಾರ ಹೇಳುತ್ತಾ ತಿಯೊಲಿನಾ ಇಳಿದಳು.

“ಹೊರಾಸ್. ಯಾಕಿಷ್ಟು ಹೊತ್ತು?”

“ಏರಿನಲ್ಲಿ ಚಕ್ರ ಹೂತ್ಕೊಳ್ತು. ಎಲ್ಲರೂ ಇಳಿದು ತಳ್ಳಿದ್ರು, ನಾನು ಇಳೀಲಿಲ್ಲ. ಆ ಡ್ರೈವರ್ ಪಾತ್ರೆ ಮೇಲೇ ಕಣ್ಣಿಟ್ಟಿದ್ದ. ತಬ್ಕೊಂಡೇ ಕೂತಿದ್ದೆ.” ತಿಯೊಲಿನಾ ಶಾಲಿನಿಂದ ಬೆವರು ಒರೆಸಿಕೊಂಡಳು. “ಈ ಸಲ ಏನು ಕಾಯಿಲೆ? ಈಗ್ಲೇ ಹೇಳ್ಬಿಡು, ಮದ್ದೂ ತಂದಿದೀನಿ.”

“ಬೆನ್ನುನೋವಂತಮ್ಮಾ” ಎಂದಳು ಓಲೋಪ್‌ನ ಹೆಂಡತಿ ಸೊಂದಾಂಗ್. “ಬೆಳಗಿಂದ ಬೇಲಿ ಕಟ್ಟೀ ಕಟ್ಟೀ ಸಾಕಾಗಿದೆ ಪಾಪ.”

ತಿಯೊಲಿನಾಳ ಗಂಡ ಸಾಹಾತ್ ಮಗಳನ್ನು ಬೆನ್ನಿನಿಂದ ಇಳಿಸಿ, ಕೈಮುಗಿದು ಮೂಲೆಯಲ್ಲಿ ಕೂತ. ಹೆಂಡತಿಯ ತವರಿನವರ ಮುಂದೆ ಜಪ್ಪಯ್ಯ ಎಂದರೂ ಬಾಯಿ ಬಿಡದ ಮರ್ಯಾದಸ್ಥ ಅವನು.

ಕುಲದ ಹಿರಿಯ ಮರಿಹೊತ್ ದೊಡ್ಡಪ್ಪ ಬಂದ. ವೈದ್ಯರೂ ಬಂದರು, ಅಕ್ಕಪಕ್ಕದವರೂ ಬಂದರು. ಹಂದಿಯ ತಲೆಯ ಭಾಗ ಜೋಡಿಸಿದ ತಟ್ಟೆಯನ್ನು ತಿಯೊಲಿನಾ ಅಣ್ಣನ ಮುಂದಿಟ್ಟಳು. ಮುಚ್ಚಳ ತೆಗೆದದ್ದೇ ತಡ, ಘಮ ಮೂಗಿಗೆ ಬಡಿಯಿತು. ಓಲೋಪ್‌ನ ಬಾಯಲ್ಲಿ ನೀರೂರಿತು. ಅದನ್ನು ನುಂಗುವಾಗ ಗಂಟಲಮಣಿ ಏರಿಳಿದದ್ದು ಎಲ್ಲರಿಗೂ ಕಂಡಿತು.

“ನೀವೆಲ್ಲ ಶುರು ಮಾಡಿ. ನನಗೆ ಬೆನ್ನು...”

“ಬೆನ್ನಲ್ಲೇನೋ ತಿನ್ನೋದು ನೀನು?” ಎಂದ ದೊಡ್ಡಪ್ಪ.

ಚಾಪೆಯವರೆಲ್ಲ ಗೊಳ್ಳೆಂದು ನಕ್ಕರು. ತಿಯೊಲಿನಾಳೂ ನಕ್ಕಳು, ಆದರೆ ಆ ನಗು ತುಟಿಯಲ್ಲೇ ಉಳಿಯಿತು. ಅವಳು ತಲೆ ತಗ್ಗಿಸಿ ಸುಮ್ಮನೆ ಅನ್ನ ಬಡಿಸತೊಡಗಿದಳು. ಓಲೋಪ್‌ಗೆ ಅದನ್ನು ನೋಡಲಾಗಲಿಲ್ಲ. ಆದರೂ ಕೈ ಕಟ್ಟಿಕೊಂಡೇ ಕೂತ.

ಆಗ ದಾಮೆ ಎದ್ದು ಬಂದಳು. ಅಮ್ಮನ ತಟ್ಟೆಯಿಂದ ಅನ್ನ, ಮಾಂಸ ಎಲ್ಲ ಸೇರಿಸಿ ಮುಷ್ಟಿಯಲ್ಲಿ ಹಿಸುಕಿ ತಂದಿದ್ದಳು. ಬೆರಳ ಸಂದಿಯಿಂದ ಸಾರು ಸುರಿಯುತ್ತಿತ್ತು.

“ಮಾವಾ, ಆ ಅನ್ನು.”

“ಮಾವಂಗೆ ಹಸಿವಿಲ್ಲ ಪುಟ್ಟೀ.”

“ಆ ಅನ್ನು!”

“ಆಮೇಲೆ ತಿಂತೀನಿ ಕಂದಾ.”

ಮಗುವಿನ ಕೆಳತುಟಿ ಮುಂದಕ್ಕೆ ಬಂತು. ಕಣ್ಣು ತುಂಬಿತು. ಊರಿನ ಲೇವಡಿಯನ್ನೆಲ್ಲ ಮೂರು ವರ್ಷ ಜೀರ್ಣಿಸಿಕೊಂಡ ಓಲೋಪ್ ಆ ಒಂದು ತುಟಿಗೆ ಸೋತ. ಬಾಯಿ ತೆರೆದ. ಮುಷ್ಟಿ ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು. ನಾಲಿಗೆ ಜುಮ್ಮೆಂದಿತು. ಅವನು ಅಗಿದು ನುಂಗಿದ.

ದೊಡ್ಡಪ್ಪ ನೆಲಕ್ಕೆ ಕೈ ಬಡಿದ. “ತಿಂದ! ಎಲ್ಲರೂ ನೋಡಿದ್ರಲ್ಲಾ?”

“ನಾನು ನೋಡ್ದೆ” ಎಂದರು ವೈದ್ಯರು ಎಲ್ಲರಿಗಿಂತ ಮೊದಲು.

“ನೀನೇ ಹೇಳಿಕೊಟ್ಟು ಕರ್ಕೊಂಡು ಬಂದಿದೀಯ” ಎಂದು ಓಲೋಪ್ ತಂಗಿಯ ಮೇಲೆ ರೇಗಿದ.

“ದೇವರಾಣೆಗೂ ಇಲ್ಲ. ನಮ್ಮೂರಲ್ಲಿ ನಾಯಿಗೂ ಹಿಂಗೇ ತಿನ್ನಿಸ್ತಾಳೆ.”

ನಗು ಅಡಗುವುದನ್ನು ಕಾದು ದೊಡ್ಡಪ್ಪ ಶಾಲು ಸರಿಪಡಿಸಿಕೊಂಡ. “ಮಗಳೇ, ನಿನ್ನ ಅಡುಗೆ ನಮ್ಮ ಹೊಟ್ಟೆ ತುಂಬಿಸ್ತು. ಮನಸ್ಸಲ್ಲೇನಿದೆ, ಹೇಳು.”

ತಿಯೊಲಿನಾಳ ತಮಾಷೆಯೆಲ್ಲ ಹೋಯಿತು. ಮೊಣಕಾಲೂರಿ ಅಣ್ಣನ ಮುಂದೆ ಕೂತಳು. “ಅಣ್ಣಾ, ನೀರಿನ ಊಟೆ ಕೆಳಗೆ ಅವ್ವ ಗೇಯ್ತಿದ್ದ ಗದ್ದೆ ನನ್ನ ಮಗಳಿಗೆ ಕೊಡು. ನಮ್ಮಲ್ಲಿ ಬರೀ ಈರುಳ್ಳಿ ಬೆಳೆಯೋ ಒಣ ಭೂಮಿ. ತವರಿಂದ ಹಿಡಿ ಮಣ್ಣೂ ಬರ್ಲಿಲ್ಲ ಅಂತ ವಾರಗಿತ್ತಿಯರು ಆಡ್ಕೋತಾರೆ. ನಾನು ಯಾರಿಗೂ ಬೇಡದವಳಾ ಅಣ್ಣಾ?”

ಆ ಮಾತು ಓಲೋಪ್‌ಗೆ ಎದೆಗೆ ಒದ್ದಂತಾಯಿತು. ತನ್ನ ಹಲ್ಲುನೋವು ಆಚೆ ದಡದಲ್ಲಿ ಅವಳ ತಲೆ ತಗ್ಗಿಸುತ್ತದೆ ಎಂದು ಅವನು ಯೋಚಿಸಿಯೇ ಇರಲಿಲ್ಲ.

“ತಗೋ” ಎಂದ. “ಅದು ಯಾವತ್ತೋ ನಿಂದೇ. ಗದ್ದೆ ತಗೊಂಡ್ಮೇಲೆ ರೊತುವಾ ಬಂದ್ಲಾ? ನೀನೂ ಬರಲ್ಲ ಅಂತ... ಅದಕ್ಕೇ ತಿಂತಿರಲಿಲ್ಲ.”

ತಿಯೊಲಿನಾ ಅವನನ್ನೇ ದಿಟ್ಟಿಸಿದಳು. ಆಮೇಲೆ ಎರಡೂ ಕೈಯಿಂದ ಅವನ ಭುಜಕ್ಕೆ ಗುದ್ದಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. “ಅದಕ್ಕಾ? ಅಯ್ಯೋ ನನ್ನ ಪೆದ್ದಣ್ಣಾ! ಅವ್ವನ ಗದ್ದೇನ ಗೇಣಿಗೆ ಕೊಡ್ತೀನಾ ನಾನು? ಸಸಿಮಡಿಗೆ ಬರಬೇಕು, ನಾಟಿಗೆ ಬರಬೇಕು, ಕಳೆಗೆ, ಕೊಯ್ಲಿಗೆ ಬರಬೇಕು. ವರ್ಷಕ್ಕೊಂದು ದಿನ ಬರ್ತಿದ್ದೋಳು ಇನ್ಮೇಲೆ ಇಲ್ಲೇ ಬಿದ್ದಿರ್ತೀನಿ, ನಿನ್ನ ತಲೆ ತಿನ್ಕೊಂಡು!”

ಇಷ್ಟು ವರ್ಷ ತಂಗಿಯನ್ನು ದೂರ ಇಟ್ಟವನು ತಾನೇ ಎಂದು ಓಲೋಪ್‌ಗೆ ಹೊಳೆಯಿತು. ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದವು. ಬೇರೇನೂ ತೋಚದೆ ತಟ್ಟೆ ಎಳೆದುಕೊಂಡು ಗಬಗಬ ತಿಂದ.

ತಿನ್ನುತ್ತಾ ತಿನ್ನುತ್ತಾ ತಲೆಯೆತ್ತಿದ. “ಸೊಂದಾಂಗ್, ಒಲೆ ಪಕ್ಕದ ಕಾಫಿ ಮೂಟೆ ಎಲ್ಲ ತೆಗೀಬೇಕು. ನಾಟಿಗೆ ಬಂದಾಗ ತಾಯಿ ಮಗಳು ಎಲ್ಲಿ ಮಲಗ್ತಾರೆ?”

“ನಾಟಿಗೆ ಇನ್ನೂ ಎಷ್ಟೋ ತಿಂಗಳಿದೆ ಮಾರಾಯಾ, ಊಟ ಮುಗಿಸು!”

ಅವನು ಅಷ್ಟರಲ್ಲಿ ಎದ್ದಾಗಿತ್ತು. ಎಂಜಲು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮೊದಲನೆಯ ಮೂಟೆಯನ್ನು ಬಾಗಿಲ ಕಡೆಗೆ ಎಳೆಯತೊಡಗಿದ.